ಮೂಸುವುದು, ಹಚ್ಚುವುದು, ನುಂಗುವುದು: ಲ್ಯಾವೆಂಡರಿನ ಆರೋಗ್ಯಗುಣಗಳ ವಿಚಾರ

ಲ್ಯಾವೆಂಡರ್ ಎಂಬ ಒಂದೇ ಹೆಸರಿನಲ್ಲಿ ಇಂದು ಅಂಗಡಿಗಳಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ನಿಜ ಲ್ಯಾವೆಂಡರಿನ ತೈಲ ಮೊದಲನೆಯದು. ತಗ್ಗಿನ ಬಿಸಿ ಇಳಿಜಾರುಗಳಲ್ಲಿ ಬೆಳೆಯುವ ಅದರ ದಾಯಾದಿ, ಸ್ಪೈಕ್ ಲ್ಯಾವೆಂಡರಿನ ತೈಲ ಎರಡನೆಯದು. ಇವೆರಡರ ಬೆರಕೆಯಿಂದ ಹುಟ್ಟಿದ ಲ್ಯಾವೆಂಡಿನ್ ಎಂಬ ಮಿಶ್ರತಳಿಯ ತೈಲ ಮೂರನೆಯದು. ಗಿಡದ ಸಂಪರ್ಕವೇ ಇಲ್ಲದೆ ಕಾರ್ಖಾನೆಯಲ್ಲಿ ತಯಾರಾದ ರಾಸಾಯನಿಕಗಳನ್ನು ಕೂಡಿಸಿ ಮಾಡಿದ ಪರಿಮಳ ನಾಲ್ಕನೆಯದು. ನಿದ್ರೆ ಬರುತ್ತದೆ, ಮನಸ್ಸಿನ ಕಳವಳ ತಗ್ಗುತ್ತದೆ, ಸುಟ್ಟ ಗಾಯ ಮಾಯುತ್ತದೆ ಎಂದು ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಓದಲು ಸಿಗುವ ಮಾತುಗಳು ಹೆಚ್ಚಾಗಿ ಮೊದಲನೆಯದನ್ನು ಕುರಿತವು. ಆದರೆ ನೆಲ ಒರೆಸುವ ದ್ರಾವಣ, ಊದುಬತ್ತಿ, ಸಾಬೂನು, ಬಟ್ಟೆ ಮೃದುಗೊಳಿಸುವ ದ್ರವಗಳ ಮೂಲಕ ಸಾಮಾನ್ಯ ಮನೆಯೊಳಗೆ ಬರುವುದು ಬಹುಮಟ್ಟಿಗೆ ನಾಲ್ಕನೆಯದು. ಹೀಗಾಗಿ ಲ್ಯಾವೆಂಡರ್ ಆರೋಗ್ಯಕ್ಕೆ ಒಳ್ಳೆಯದೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಹೊಂದುವುದಿಲ್ಲ. ಯಾವ ಗಿಡದ ತೈಲ, ಅದು ಯಾವ ದಾರಿಯಲ್ಲಿ ದೇಹವನ್ನು ಸೇರುತ್ತದೆ, ಎಷ್ಟು ಪ್ರಮಾಣದಲ್ಲಿ ಸೇರುತ್ತದೆ ಎಂಬ ಮೂರನ್ನೂ ಕೇಳಿದ ಮೇಲೆಯೇ ಉತ್ತರ ಸಾಧ್ಯ, ಮತ್ತು ಆಗ ಸಿಗುವ ಉತ್ತರ ಜಾಹೀರಾತಿನದಕ್ಕಿಂತ ಚಿಕ್ಕದಾದರೂ ನಂಬಿ ನಡೆಯಲು ಯೋಗ್ಯವಾದದ್ದು.

ಸಸ್ಯಶಾಸ್ತ್ರಜ್ಞರು ಲ್ಯಾವೆಂಡುಲ ಎಂದು ಕರೆಯುವ ಈ ಕುಲ ತುಳಸಿ, ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆಗಳು ಸೇರಿರುವ ಲೇಮಿಯೇಸಿ ಕುಟುಂಬಕ್ಕೆ ಸೇರಿದ್ದು, ಅದರಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಹೆಚ್ಚಿನವು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ನೆಲಗಳಿಂದ ಪಶ್ಚಿಮ ಏಷ್ಯದವರೆಗೆ ಹಬ್ಬಿದ್ದರೂ ಲ್ಯಾವೆಂಡುಲ ಬೈಪಿನ್ನೇಟ ಎಂಬ ಒಂದು ಕಾಡುಪ್ರಭೇದ ದಖ್ಖನ್ ಪ್ರಸ್ಥಭೂಮಿಯ ಕಲ್ಲುಗುಡ್ಡಗಳಲ್ಲಿಯೂ ತಾನಾಗಿ ಬೆಳೆಯುತ್ತದೆ. ಸುಗಂಧಕ್ಕೂ ಔಷಧಕ್ಕೂ ಮುಖ್ಯವಾದದ್ದು ಲ್ಯಾವೆಂಡುಲ ಅಂಗುಸ್ಟಿಫೋಲಿಯ, ಅಂದರೆ ಕಿರಿದಾದ ಎಲೆಯ ನಿಜ ಲ್ಯಾವೆಂಡರ್. ಫ್ರಾನ್ಸಿನ ಆಗ್ನೇಯ ಭಾಗದ ಪ್ರೊವಾನ್ಸ್ ಸೀಮೆಯಲ್ಲಿ ಇದು ಸಮುದ್ರಮಟ್ಟದಿಂದ ಸುಮಾರು 800 ಮೀಟರಿಗಿಂತ ಮೇಲೆ, ನೀರು ನಿಲ್ಲದ ಸುಣ್ಣಕಲ್ಲಿನ ನೆಲದಲ್ಲಿ, ಚಳಿಗಾಲದ ಹಿಮವನ್ನೂ ಬೇಸಿಗೆಯ ಒಣ ಬಿಸಿಲನ್ನೂ ತಾಳಿಕೊಂಡು ಬೆಳೆಯುತ್ತದೆ. ಅದಕ್ಕಿಂತ ತಗ್ಗಿನ ನೆಲದಲ್ಲಿ ಅಗಲ ಎಲೆಯ ಸ್ಪೈಕ್ ಲ್ಯಾವೆಂಡರ್ ಬೆಳೆಯುತ್ತದೆ. ಎರಡರ ಗಡಿ ಕೂಡುವ ಎತ್ತರದಲ್ಲಿ ಜೇನುನೊಣಗಳ ಓಡಾಟದಿಂದ ಪರಾಗ ಬೆರೆತು ಲ್ಯಾವೆಂಡಿನ್ ಹುಟ್ಟುತ್ತದೆ. ಇದು ಬೀಜ ಕಟ್ಟದ ಗಿಡವಾದ್ದರಿಂದ ಕಡ್ಡಿ ನೆಟ್ಟೇ ಬೆಳೆಸಬೇಕು. ಪ್ರವಾಸಿಗರ ಚಿತ್ರಗಳಲ್ಲಿ ಕಾಣುವ, ಅಳತೆ ಹಿಡಿದು ಎಳೆದಂತಿರುವ ದುಂಡನೆಯ ಕಡುನೀಲಿ ಸಾಲುಗಳು ಬಹುಪಾಲು ಲ್ಯಾವೆಂಡಿನ್ನಿನವೇ. ಬೀಜದಿಂದ ಬೆಳೆಸಿದ ನಿಜ ಲ್ಯಾವೆಂಡರಿನ ಹೊಲದಲ್ಲಿ ಒಂದು ಗಿಡದ ಹೂ ಕಡುನೇರಳೆಯಾದರೆ ಪಕ್ಕದ್ದು ತಿಳಿನೀಲಿ, ಮತ್ತೊಂದು ನಸುಗೆಂಪು ಬೆರೆತ ಬಣ್ಣ. ಆ ವೈವಿಧ್ಯವೇ ಅದರ ಗುರುತು. ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲೆ, ಬೀಜದಿಂದ ಬೆಳೆಸಿದ ಇಂಥ ಗಿಡಗಳಿಂದ ನಿಗದಿತ ಪ್ರದೇಶದೊಳಗೆ ಇಳಿಸಿದ ತೈಲಕ್ಕೆ 1981ರಲ್ಲಿ ಫ್ರಾನ್ಸ್ ಸರ್ಕಾರ ಮೂಲಸ್ಥಾನದ ಹೆಸರಿನ ಕಾನೂನು ರಕ್ಷಣೆ ನೀಡಿತು.

ತೈಲ ಗಿಡದ ಯಾವ ಭಾಗದಲ್ಲಿದೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಆಶ್ಚರ್ಯ ಕಾದಿರುತ್ತದೆ. ಬಣ್ಣದ ದಳಗಳಲ್ಲಿ ಅದು ತೀರ ಕಡಿಮೆ. ದಳಗಳನ್ನು ತಳದಲ್ಲಿ ಹಿಡಿದುಕೊಂಡಿರುವ ಬೂದುನೇರಳೆ ಬಣ್ಣದ ಪುಟ್ಟ ಕೊಳವೆಯಲ್ಲಿ, ಅಂದರೆ ಪುಷ್ಪಪಾತ್ರೆಯಲ್ಲಿ, ಅದು ತುಂಬಿರುತ್ತದೆ. ಆ ಕೊಳವೆಯ ಮೈಮೇಲೆ ಉದ್ದುದ್ದಕ್ಕೆ ಏಣುಗಳಿದ್ದು, ಏಣು ಏಣುಗಳ ನಡುವಿನ ತಗ್ಗಿನಲ್ಲಿ ಕವಲೊಡೆದ ಬಿಳಿ ರೋಮಗಳ ಮರೆಯಲ್ಲಿ ಹೊಳೆಯುವ ಚಿಕ್ಕ ಗುಳ್ಳೆಗಳಂಥ ಗ್ರಂಥಿಗಳಿರುತ್ತವೆ. ಬೆರಳುಗಳ ನಡುವೆ ತೆನೆಯನ್ನು ಹಿಸುಕಿದಾಗ ಒಡೆಯುವುದು ಇವೇ. ಹೂ ಉದುರಿದ ಮೇಲೂ ಒಣ ತೆನೆಯ ಪರಿಮಳ ವರ್ಷಗಟ್ಟಲೆ ಉಳಿಯುವುದಕ್ಕೆ ಕಾರಣವೂ ಇದೇ. ಕೊಯ್ದ ತೆನೆಗಳನ್ನು ಒಂದೆರಡು ದಿನ ಬಾಡಲು ಬಿಟ್ಟು, ಹಂಡೆಯಲ್ಲಿ ಒತ್ತಾಗಿ ತುಂಬಿ, ಕೆಳಗಿನಿಂದ ನೀರಿನ ಉಗಿಯನ್ನು ಹಾಯಿಸಿದಾಗ ಉಗಿ ಗ್ರಂಥಿಗಳನ್ನು ಒಡೆದು ತೈಲದ ಆವಿಯನ್ನು ತನ್ನೊಡನೆ ಒಯ್ಯುತ್ತದೆ. ತಣ್ಣೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯೊಳಗೆ ಎರಡೂ ತಣಿದು ದ್ರವವಾಗಿ ಇಳಿದ ಮೇಲೆ ಹಗುರವಾದ ತೈಲ ಮೇಲೆ ತೇಲಿ, ಪರಿಮಳದ ನೀರು ಕೆಳಗೆ ಉಳಿಯುತ್ತದೆ. ಒಂದು ಕಿಲೋ ನಿಜ ಲ್ಯಾವೆಂಡರ್ ತೈಲಕ್ಕೆ ನೂರು ಕಿಲೋಗೂ ಮಿಕ್ಕ ತೆನೆ ಬೇಕಾಗುತ್ತದೆ. ಲ್ಯಾವೆಂಡಿನ್ನಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಬೆಲೆಯ ಅಂತರವೂ ಕಲಬೆರಕೆಯ ಆಸೆಯೂ ಹುಟ್ಟುವುದು ಈ ಲೆಕ್ಕದಲ್ಲಿಯೇ.

ತೈಲದೊಳಗೆ ನೂರಕ್ಕೂ ಹೆಚ್ಚು ಘಟಕಗಳಿದ್ದರೂ ಅದರ ಸ್ವಭಾವವನ್ನು ನಿರ್ಧರಿಸುವವು ಮುಖ್ಯವಾಗಿ ಮೂರು. ಲಿನಲೂಲ್ ಎಂಬುದು ಹೂವಿನ ತಂಪು ಪರಿಮಳವಿರುವ ಒಂದು ಆಲ್ಕೊಹಾಲು. ಲಿನಲೈಲ್ ಅಸಿಟೇಟ್ ಎಂಬುದು ಅದೇ ಲಿನಲೂಲು ಅಸಿಟಿಕ್ ಆಮ್ಲದೊಡನೆ ಕೂಡಿ ಆದ, ಹಣ್ಣಿನ ಸಿಹಿ ವಾಸನೆಯ ಎಸ್ಟರು. ಮೂರನೆಯದು ದೇವರ ಮನೆಯಲ್ಲಿ ಎಲ್ಲರೂ ಬಲ್ಲ ಕರ್ಪೂರ. ಯುರೋಪಿನ ಔಷಧಕೋಶ ಔಷಧಕ್ಕೆ ಬಳಸುವ ಲ್ಯಾವೆಂಡರ್ ತೈಲದಲ್ಲಿ ಲಿನಲೂಲ್ ಶೇಕಡ 20ರಿಂದ 45, ಲಿನಲೈಲ್ ಅಸಿಟೇಟ್ ಶೇಕಡ 25ರಿಂದ 47 ಇರಬೇಕೆಂದೂ ಕರ್ಪೂರ ಶೇಕಡ 1.2ನ್ನು ಮೀರಬಾರದೆಂದೂ ವಿಧಿಸಿದೆ. ಲ್ಯಾವೆಂಡಿನ್ನಿನಲ್ಲಿ ಕರ್ಪೂರದ ಪಾಲು ಇದರ ಎಷ್ಟೋ ಪಟ್ಟು ಹೆಚ್ಚು, ಸ್ಪೈಕಿನಲ್ಲಿ ಇನ್ನೂ ಹೆಚ್ಚು. ಕರ್ಪೂರ ನರಗಳನ್ನು ಶಮನಗೊಳಿಸುವ ವಸ್ತುವಲ್ಲ, ಕೆರಳಿಸುವ ವಸ್ತು. ಆದ್ದರಿಂದ ನಿದ್ರೆಗೆಂದು ತಂದ ಸೀಸೆಯಲ್ಲಿ ಲ್ಯಾವೆಂಡಿನ್ ಇದ್ದರೆ ಕೊಂಡವರು ಹಣವನ್ನು ಮಾತ್ರವಲ್ಲ, ಉದ್ದೇಶವನ್ನೂ ಕಳೆದುಕೊಳ್ಳುತ್ತಾರೆ. ಇದೇ ಲಿನಲೂಲ್ ಕೊತ್ತಂಬರಿ ಬೀಜದ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲಿದೆ ಎಂಬ ಸಂಗತಿ ಸಾರಿನಪುಡಿ ಹುರಿಯುವ ಅಡುಗೆಮನೆಗೂ ಪ್ರೊವಾನ್ಸಿನ ಹೊಲಕ್ಕೂ ಇರುವ ನಂಟನ್ನು ಹೇಳುತ್ತದೆ. ಲ್ಯಾವೆಂಡರನ್ನು ಬೇರೆ ಮಾಡುವುದು ಲಿನಲೂಲಿಗಿಂತ ಹೆಚ್ಚಾಗಿ ಅದರ ಜೊತೆಗಿರುವ ಅಸಿಟೇಟು.

ಔಷಧವಾಗಿ ಈ ಕುಲದ ಇತಿಹಾಸ ಆರಂಭವಾಗುವುದು ನಿಜ ಲ್ಯಾವೆಂಡರಿನಿಂದಲ್ಲ, ತೆನೆಯ ತುದಿಯಲ್ಲಿ ಮೊಲದ ಕಿವಿಗಳಂತೆ ಎದ್ದು ನಿಂತ ನೇರಳೆ ಎಸಳುಗಳಿರುವ ಲ್ಯಾವೆಂಡುಲ ಸ್ಟೀಕಸ್ ಎಂಬ ಮತ್ತೊಂದು ಪ್ರಭೇದದಿಂದ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಔಷಧಗ್ರಂಥದಲ್ಲಿ ಇದನ್ನು ಎದೆಯ ಬೇನೆಗೆ ಕಷಾಯವಾಗಿ ಕೊಡಬಹುದೆಂದು ಬರೆದ. ಅಲ್ಲಿಂದ ಅದು ಅರಬ್ ವೈದ್ಯಕ್ಕೆ ಬಂದು ಉಸ್ತುಖುದ್ದೂಸ್ ಎಂಬ ಹೆಸರು ಪಡೆದು, ಯುನಾನಿ ಹಕೀಮರ ಮೂಲಕ ಭಾರತವನ್ನು ಸೇರಿತು. ಯುನಾನಿ ಪದ್ಧತಿ ಇದನ್ನು ಮೆದುಳನ್ನು ಗುಡಿಸುವ ಪೊರಕೆ ಎಂದೇ ವರ್ಣಿಸುತ್ತದೆ. ಬಹುಕಾಲದ ತಲೆನೋವು, ನೆಗಡಿ, ಮರೆವುಗಳಿಗೆ ಕೊಡುವ ಇತ್ರಿಫಲ್ ಉಸ್ತುಖುದ್ದೂಸ್ ಎಂಬ ಲೇಹ್ಯದಲ್ಲಿ ಇದು ಅಳಲೆ, ತಾರೆ, ನೆಲ್ಲಿಗಳ ಜೊತೆ ಸೇರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಬೋಧನೆಯಾಗುವ ಪದ್ಧತಿ ಇದೇ ಆದ್ದರಿಂದ, ಲ್ಯಾವೆಂಡರನ್ನು ನಿನ್ನೆ ಮೊನ್ನೆ ಬಂದ ಪಾಶ್ಚಾತ್ಯ ಹವ್ಯಾಸವೆಂದು ಭಾವಿಸುವ ಕನ್ನಡ ಓದುಗರು ಅದರ ಒಂದು ಶಾಖೆ ಶತಮಾನಗಳಿಂದ ಈ ದೇಶದ ಔಷಧದ ಅಂಗಡಿಯಲ್ಲಿಯೇ ಇದೆ ಎಂಬುದನ್ನು ನೆನೆಯಬೇಕು. ಆದರೆ ಸ್ಟೀಕಸ್ ತೈಲದಲ್ಲಿ ಕರ್ಪೂರವೂ ಫೆಂಕೋನ್ ಎಂಬ ಖಾರದ ಘಟಕವೂ ಹೆಚ್ಚು. ಅದಕ್ಕೆ ಹೇಳಿದ ಗುಣಗಳನ್ನು ನಿಜ ಲ್ಯಾವೆಂಡರಿಗೂ, ಇದರ ಗುಣಗಳನ್ನು ಅದಕ್ಕೂ ಆರೋಪಿಸುವುದು ಸಲ್ಲದು.

ಆಧುನಿಕ ಕಾಲದಲ್ಲಿ ಲ್ಯಾವೆಂಡರಿಗೆ ಸಂಬಂಧಿಸಿ ಹೆಚ್ಚು ಬಾರಿ ಹೇಳಲಾಗುವ ಕತೆ ಫ್ರಾನ್ಸಿನ ಲಿಯಾನ್ ನಗರದ ರಸಾಯನಜ್ಞ ರೆನೆ ಮಾರಿಸ್ ಗಾಟೆಫೊಸ್ಸೆಯದು. ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡ ಆತ ಪಕ್ಕದಲ್ಲಿದ್ದ ಲ್ಯಾವೆಂಡರ್ ತೈಲದ ಪಾತ್ರೆಯಲ್ಲಿ ಆಕಸ್ಮಿಕವಾಗಿ ಕೈ ಅದ್ದಿದನೆಂದೂ ನೋವು ತಕ್ಷಣ ಮಾಯವಾಯಿತೆಂದೂ ಜನಪ್ರಿಯ ಪುಸ್ತಕಗಳು ಹೇಳುತ್ತವೆ. ಆತನೇ 1937ರಲ್ಲಿ ಪ್ರಕಟಿಸಿದ ಅರೋಮಥೆರಪಿ ಎಂಬ ಪುಸ್ತಕದಲ್ಲಿರುವ ವೃತ್ತಾಂತ ಬೇರೆಯೇ. 1910ರ ಜುಲೈ ತಿಂಗಳಲ್ಲಿ ಸ್ಫೋಟವಾಗಿ ಮೈಗೆ ಬೆಂಕಿ ಹತ್ತಿದಾಗ ಆತ ಹುಲ್ಲಿನ ಮೇಲೆ ಉರುಳಾಡಿ ಅದನ್ನು ಆರಿಸಿಕೊಂಡ. ಆಮೇಲೆ ಕೈಗಳ ಗಾಯಕ್ಕೆ ಗ್ಯಾಸ್ ಗ್ಯಾಂಗ್ರೀನ್, ಅಂದರೆ ರೋಗಾಣುಗಳು ಮಾಂಸದೊಳಗೆ ಅನಿಲವನ್ನು ಉಂಟುಮಾಡುತ್ತ ಅದನ್ನು ಕೊಳೆಯಿಸುವ ಭಯಂಕರ ಸೋಂಕು ತಗುಲಿತು. ಆಗ ತಿಳಿದೇ ಲ್ಯಾವೆಂಡರ್ ಸಾರದಿಂದ ಗಾಯವನ್ನು ತೊಳೆದದ್ದರಿಂದ ಕೊಳೆ ನಿಂತು ಮಾಯುವಿಕೆ ಆರಂಭವಾಯಿತು. ಪ್ರತಿಜೈವಿಕ ಔಷಧಗಳು ಇನ್ನೂ ಬಾರದಿದ್ದ ಕಾಲದಲ್ಲಿ ತೈಲದ ರೋಗಾಣುನಾಶಕ ಗುಣವನ್ನು ಬಲ್ಲ ರಸಾಯನಜ್ಞನೊಬ್ಬ ಮಾಡಿದ ಚಿಕಿತ್ಸೆ ಅದು. ಎರಡು ವೃತ್ತಾಂತಗಳ ನಡುವಿನ ವ್ಯತ್ಯಾಸ ಕತೆಗಾರಿಕೆಗೆ ಸಂಬಂಧಿಸಿದ್ದು ಮಾತ್ರವಲ್ಲ. ಮೊದಲನೆಯ ರೂಪವನ್ನು ನಂಬಿದವರು ಹೊಸದಾಗಿ ಸುಟ್ಟ ಚರ್ಮದ ಮೇಲೆ ತೈಲ ಸುರಿಯುತ್ತಾರೆ, ಆದರೆ ಸುಟ್ಟ ಕೂಡಲೇ ಆಗಬೇಕಾದದ್ದು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಗಾಯವನ್ನು ಹಿಡಿಯುವುದು. ಅದರ ಬದಲು ಎಣ್ಣೆ, ಶಾಯಿ, ಟೂತ್‌ಪೇಸ್ಟು ಬಳಿಯುವ ಹಳೆಯ ಅಭ್ಯಾಸಗಳ ಸಾಲಿಗೆ ಮತ್ತೊಂದು ಸೇರುವುದು ಬೇಡ.

ದೇಹವನ್ನು ಸೇರುವ ಮೂರು ದಾರಿಗಳಲ್ಲಿ ಮೂಸುವುದು ಅತ್ಯಂತ ಹಳೆಯದು, ಮತ್ತು ಪರೀಕ್ಷಿಸಲು ಅತ್ಯಂತ ಕಷ್ಟದ್ದು. ಔಷಧವೊಂದರ ಗುಣವನ್ನು ಅಳೆಯುವಾಗ ಅರ್ಧ ಜನಕ್ಕೆ ನಿಜವಾದ ಗುಳಿಗೆಯನ್ನೂ ಉಳಿದವರಿಗೆ ಅದರಂತೆಯೇ ಕಾಣುವ ಹುಸಿಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂದು ತಿಳಿಯದಂತೆ ನೋಡಿಕೊಳ್ಳುವುದು ವೈದ್ಯಕೀಯ ಸಂಶೋಧನೆಯ ಕ್ರಮ. ನಂಬಿಕೆಯಿಂದಲೇ ಆಗುವ ಗುಣವನ್ನು ಔಷಧದ ಗುಣದಿಂದ ಬೇರ್ಪಡಿಸುವುದಕ್ಕೆ ಬೇರೆ ಉಪಾಯವಿಲ್ಲ. ಪರಿಮಳವನ್ನು ಹೀಗೆ ಮರೆಮಾಡಲು ಬಾರದು. ಲ್ಯಾವೆಂಡರ್ ಮೂಸಿದವರಿಗೆ ತಾವು ಮೂಸಿದ್ದು ಲ್ಯಾವೆಂಡರ್ ಎಂದು ಗೊತ್ತಾಗುತ್ತದೆ, ಅದು ಶಾಂತಿ ತರುವುದೆಂದು ಅವರು ಮೊದಲೇ ಕೇಳಿಯೂ ಇರುತ್ತಾರೆ. ದಂತವೈದ್ಯರ ಕೋಣೆಯ ಹೊರಗೆ ಕಾಯುತ್ತಿದ್ದ 200 ಜನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲ್ಯಾವೆಂಡರ್ ಮತ್ತು ಕಿತ್ತಳೆಯ ಪರಿಮಳಗಳೆರಡೂ ಕಳವಳವನ್ನು ತಗ್ಗಿಸಿದ್ದು ಕಂಡುಬಂತು. ಹಿತವಾದ ಯಾವ ಪರಿಮಳವಾದರೂ ಸಾಕೇ, ಲ್ಯಾವೆಂಡರೇ ಬೇಕೇ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ.

ಜಾಹೀರಾತನ್ನು ಓದಲು ಬಾರದ ಇಲಿಗಳ ಮೇಲಿನ ಪ್ರಯೋಗಗಳು ಈ ತೊಡಕನ್ನು ತಕ್ಕಮಟ್ಟಿಗೆ ಬಿಡಿಸುತ್ತವೆ. 1991ರಲ್ಲಿ ವಿಯೆನ್ನದ ಸಂಶೋಧಕರು ಲ್ಯಾವೆಂಡರ್ ಆವಿಯಲ್ಲಿಟ್ಟ ಇಲಿಗಳ ಚಟುವಟಿಕೆ ತಗ್ಗುವುದನ್ನೂ ಕೆಫೀನ್ ಚುಚ್ಚಿ ಕೆರಳಿಸಿದ ಇಲಿಗಳು ಕೂಡ ಶಾಂತವಾಗುವುದನ್ನೂ ತೋರಿಸಿದರು. 2018ರಲ್ಲಿ ಜಪಾನಿನ ಕಾಗೊಶಿಮ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲಿನಲೂಲ್ ಮೂಸಿದ ಇಲಿಗಳಲ್ಲಿ ಅಂಜಿಕೆ ಕಡಿಮೆಯಾಗುವುದೆಂದೂ ವಾಸನೆಯ ಶಕ್ತಿ ಕಳೆದ ಇಲಿಗಳಲ್ಲಿ ಹಾಗಾಗುವುದಿಲ್ಲವೆಂದೂ ಕಂಡುಕೊಂಡರು. ಅಂದರೆ ಆ ಪ್ರಯೋಗದಲ್ಲಿ ತೈಲ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಕೆಲಸ ಮಾಡಿದ್ದಲ್ಲ. ಮೂಗಿನ ವಾಸನೆಯ ನರಗಳೇ ಮೆದುಳಿಗೆ ಸಂದೇಶ ಒಯ್ದು, ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬ ಎಂಬ ರಾಸಾಯನಿಕದ ವ್ಯವಸ್ಥೆಯನ್ನು ಎಚ್ಚರಿಸಿದ್ದವು. ಮನುಷ್ಯರಿಗೆ ಇದನ್ನು ನೇರವಾಗಿ ಅನ್ವಯಿಸುವುದು ಅವಸರವಾದರೂ, ಪರಿಮಳದ ಗುಣವೆಲ್ಲ ಕೇವಲ ಭ್ರಮೆ ಎಂದು ತಳ್ಳಿಹಾಕುವವರಿಗೆ ಇದು ಗಟ್ಟಿಯಾದ ಉತ್ತರ. ಇನ್ನೊಂದು ಕಡೆ, ಮರೆಗುಳಿ ಕಾಯಿಲೆಯ ವೃದ್ಧರ ತಳಮಳಕ್ಕೆ ಸುಗಂಧ ಚಿಕಿತ್ಸೆ ನೆರವಾಗುವುದೇ ಎಂದು ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒರೆಗೆ ಹಚ್ಚಿದ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಗೆ ಮನವೊಪ್ಪುವ ಪುರಾವೆ ಸಿಗಲಿಲ್ಲ. ಇಂಥ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರ ದಣಿವು ದೊಡ್ಡದು. ಅವರ ಆಸೆಯನ್ನು ದುಬಾರಿ ಸೀಸೆಗಳಾಗಿ ಪರಿವರ್ತಿಸುವ ವ್ಯಾಪಾರವನ್ನು ಯಾವ ಪುರಾವೆಯೂ ಸಮರ್ಥಿಸುವುದಿಲ್ಲ.

ಬಲವಾದ ಪುರಾವೆ ಇರುವುದು ಮೂರನೆಯ ದಾರಿಯಲ್ಲಿ, ಅಂದರೆ ನುಂಗುವುದರಲ್ಲಿ. ಜರ್ಮನಿಯಲ್ಲಿ ಸಿಲೆಕ್ಸಾನ್ ಎಂಬ ಹೆಸರಿನಿಂದ ಕರೆಯಲಾಗುವ, ನಿಜ ಲ್ಯಾವೆಂಡರಿನ ಪರಿಷ್ಕೃತ ತೈಲ 80 ಮಿಲಿಗ್ರಾಂ ಇರುವ ಮೆದು ಗುಳಿಗೆ ಕಳವಳಕ್ಕೆ ಸಂಬಂಧಿಸಿದ ಚಡಪಡಿಕೆಗೆ ಔಷಧವಾಗಿ ಮಾರಾಟದಲ್ಲಿದೆ. ಗುಳಿಗೆಯೊಳಗೆ ಪರಿಮಳ ಮುಚ್ಚಿಹೋಗುವುದರಿಂದ ಹುಸಿಗುಳಿಗೆಯೊಡನೆ ಹೋಲಿಸಿ ನೋಡುವುದು ಇಲ್ಲಿ ಸಾಧ್ಯವಾಯಿತು. ತೇಗಿನಲ್ಲಿ ವಾಸನೆ ಬಂದು ಗುಟ್ಟು ರಟ್ಟಾಗದಂತೆ ಹುಸಿಗುಳಿಗೆಗೂ ಕಿಂಚಿತ್ ಪರಿಮಳ ಸೇರಿಸುವ ಎಚ್ಚರವನ್ನೂ ವಹಿಸಲಾಯಿತು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾರ್ವತ್ರಿಕ ಆತಂಕ ಕಾಯಿಲೆ, ಅಂದರೆ ನಿರ್ದಿಷ್ಟ ಕಾರಣವಿಲ್ಲದೆ ತಿಂಗಳುಗಟ್ಟಲೆ ಎಲ್ಲದರ ಬಗ್ಗೆಯೂ ಕಾಡುವ ಚಿಂತೆ ಇದ್ದ 539 ಜನರನ್ನು ನಾಲ್ಕು ಗುಂಪು ಮಾಡಿ ಹತ್ತು ವಾರ ನೋಡಲಾಯಿತು. ಆತಂಕವನ್ನು ಅಳೆಯುವ ಹ್ಯಾಮಿಲ್ಟನ್ ಮಾನದಂಡದಲ್ಲಿ 160 ಮಿಲಿಗ್ರಾಂ ತೈಲ ಪಡೆದವರ ಅಂಕ ಸರಾಸರಿ 14.1ರಷ್ಟೂ, 80 ಮಿಲಿಗ್ರಾಂ ಪಡೆದವರದು 12.8ರಷ್ಟೂ, ಪರಾಕ್ಸಿಟೀನ್ ಎಂಬ ರೂಢಿಯ ಔಷಧ ಪಡೆದವರದು 11.3ರಷ್ಟೂ, ಹುಸಿಗುಳಿಗೆ ಪಡೆದವರದು 9.5ರಷ್ಟೂ ಇಳಿಯಿತು. ಹುಸಿಗುಳಿಗೆಯೇ ಒಂಬತ್ತೂವರೆ ಅಂಕ ಇಳಿಸಿದ್ದನ್ನು ಗಮನಿಸಿದರೆ ತೈಲದ ಸ್ವಂತ ಗಳಿಕೆ, ಪ್ರಮಾಣಕ್ಕೆ ತಕ್ಕಂತೆ, ಸುಮಾರು ಮೂರರಿಂದ ನಾಲ್ಕೂವರೆ ಅಂಕಗಳಷ್ಟು ಎಂದು ತಿಳಿಯುತ್ತದೆ. ಅದು ಪವಾಡವಲ್ಲ, ಆದರೆ ಆತಂಕದಲ್ಲಿ ನರಳುವವರಿಗೆ ಅಷ್ಟೂ ಬೆಲೆಯುಳ್ಳದ್ದೇ. 2010ರ ಇನ್ನೊಂದು ಪ್ರಯೋಗದಲ್ಲಿ 77 ಜನರ ಮೇಲೆ ಆರು ವಾರ ನಡೆಸಿದ ಹೋಲಿಕೆಯಲ್ಲಿ ಅದು ಕಡಿಮೆ ಪ್ರಮಾಣದ ಲೊರಾಜೆಪಾಮ್ ಎಂಬ ಶಮನಕಾರಿಗೆ ಹೆಚ್ಚುಕಡಿಮೆ ಸಮನಾಗಿತ್ತು. ಲೊರಾಜೆಪಾಮ್ ಗುಂಪಿನ ಔಷಧಗಳು ಅಭ್ಯಾಸ ಹಿಡಿಸುತ್ತವೆ, ಬಿಡುವಾಗ ಕಾಡುತ್ತವೆ. ತೈಲದಲ್ಲಿ ಆ ದೋಷ ಕಂಡುಬಂದಿಲ್ಲ, ಮುಖ್ಯ ಅನನುಕೂಲ ತೇಗು. ಈ ಪ್ರಯೋಗಗಳಲ್ಲಿ ಬಹುಪಾಲನ್ನು ತಯಾರಕ ಕಂಪನಿಯೇ ನಡೆಸಿತು ಅಥವಾ ಅದಕ್ಕೆ ಹಣ ಒದಗಿಸಿತು ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಕಂಪನಿಯ ಸಂಬಂಧವಿಲ್ಲದ ಸಂಶೋಧಕರು ಇದೇ ಫಲವನ್ನು ಮತ್ತೆ ಮತ್ತೆ ಕಂಡಾಗ ನಂಬಿಕೆ ಗಟ್ಟಿಯಾಗುತ್ತದೆ.

ಈ ಫಲಿತಾಂಶಗಳನ್ನು ಓದಿ ಸುಗಂಧದ ಅಂಗಡಿಯ ಸೀಸೆಯಿಂದ ಹನಿ ಎಣಿಸಿ ನುಂಗುವವರಿದ್ದಾರೆ. ಅದು ಅಪಾಯದ ಕೆಲಸ. ಗುಳಿಗೆಯ ತೈಲ ಔಷಧಕೋಶದ ಅಳತೆಗೆ ಒಪ್ಪುವಂತೆ ಪರೀಕ್ಷೆಗೆ ಒಳಗಾಗಿರುತ್ತದೆ, ಪ್ರಮಾಣ ನಿಗದಿಯಾಗಿರುತ್ತದೆ. ಸೀಸೆಯದು ಮೂಸಲು, ಹಚ್ಚಲು ಮಾಡಿದ್ದು, ಅದರಲ್ಲಿ ಲ್ಯಾವೆಂಡಿನ್ನೋ ದ್ರಾವಕವೋ ಬೆರೆತಿರಬಹುದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಮಾನಸಿಕ ಒತ್ತಡದ ಸೌಮ್ಯ ಲಕ್ಷಣಗಳಿಗೂ ನಿದ್ರೆಯ ನೆರವಿಗೂ ಲ್ಯಾವೆಂಡರನ್ನು ಬಹುಕಾಲದ ಬಳಕೆಯ ಆಧಾರದ ಮೇಲೆ ಮಾನ್ಯ ಮಾಡುವಾಗಲೂ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಸಲ್ಲದೆಂದು ಹೇಳಿದೆ. ಮನೆಯಲ್ಲಿ ನುಂಗುವ ರೂಪ ಬೇಕೇಬೇಕೆನ್ನುವವರಿಗೆ ಹೂವಿನ ಕಷಾಯ ಸುರಕ್ಷಿತ: ಒಂದೆರಡು ಗ್ರಾಂ ಒಣ ಹೂವಿನ ಮೇಲೆ 150 ಮಿಲಿಲೀಟರ್ ಕುದಿನೀರು ಸುರಿದು, ಆವಿ ಹಾರದಂತೆ ತಟ್ಟೆ ಮುಚ್ಚಿ, ಐದು ಹತ್ತು ನಿಮಿಷ ಬಿಟ್ಟು ಸೋಸಿ ಕುಡಿಯುವುದು. ಮುಚ್ಚದೆ ಬಿಟ್ಟರೆ ಗುಣದ ಅಂಶವೇ ಕೋಣೆಯ ಗಾಳಿ ಸೇರುತ್ತದೆ.

ಹಚ್ಚುವ ದಾರಿಯಲ್ಲಿ ಗುಣವೂ ತೊಂದರೆಯೂ ಒಟ್ಟಿಗೆ ಬರುತ್ತವೆ. ಕೊಬ್ಬರಿಯೆಣ್ಣೆ, ಬಾದಾಮಿ ಎಣ್ಣೆಗಳಂಥ ಸಾದಾ ಎಣ್ಣೆಯಲ್ಲಿ ಶೇಕಡ ಒಂದೆರಡರಷ್ಟು ತೈಲ ಬೆರೆಸಿ ಮೈ ನೀವಿದರೆ ಲಿನಲೂಲ್ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಕಾಣಿಸಿಕೊಂಡು, ಸುಮಾರು ಇಪ್ಪತ್ತು ನಿಮಿಷಕ್ಕೆ ಗರಿಷ್ಠ ಮಟ್ಟ ಮುಟ್ಟಿ, ಒಂದೂವರೆ ಗಂಟೆಯಲ್ಲಿ ಬಹುತೇಕ ಇಲ್ಲವಾಗುತ್ತದೆಂದು 1992ರ ಅಳತೆಯೊಂದು ತೋರಿಸಿತ್ತು. ಅದು ಒಬ್ಬನೇ ವ್ಯಕ್ತಿಯ ಮೇಲೆ ನಡೆದದ್ದಾದರೂ ಚರ್ಮ ಈ ತೈಲಕ್ಕೆ ಗೋಡೆಯಲ್ಲ ಎಂಬುದಕ್ಕೆ ಸಾಕ್ಷಿ. ನೀವುವ ಕೈಯ ಹಿತವೆಷ್ಟು, ತೈಲದ ಹಿತವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಬಿಡಿಸುವ ಅಗತ್ಯವೂ ಎಲ್ಲ ವೇಳೆ ಇಲ್ಲ. ತೊಂದರೆ ಬರುವುದು ಹಳೆಯ ತೈಲದಿಂದ. ಲಿನಲೂಲ್ ಗಾಳಿಯ ಆಮ್ಲಜನಕದೊಡನೆ ಕೂಡಿ ಹೈಡ್ರೊಪೆರಾಕ್ಸೈಡ್ ಎಂಬ ವಸ್ತುಗಳಾಗುತ್ತದೆಂದೂ, ತಾಜಾ ಲಿನಲೂಲ್ ಚರ್ಮಕ್ಕೆ ಹೆಚ್ಚು ಉಪದ್ರವ ಕೊಡದಿದ್ದರೂ ಈ ವಸ್ತುಗಳು ಒಗ್ಗದಿಕೆಯನ್ನು, ಅಂದರೆ ತುರಿಕೆ ಮತ್ತು ಇಸುಬನ್ನು, ಉಂಟುಮಾಡುತ್ತವೆಂದೂ ಸ್ವೀಡನ್ನಿನ ಗೋಥೆನ್‌ಬರ್ಗಿನ ಸಂಶೋಧಕರು ತೋರಿಸಿದ್ದಾರೆ. ಈ ಕಾರಣದಿಂದ ಹಚ್ಚಿ ಬಿಡುವ ಲೇಪಗಳಲ್ಲಿ ಲಿನಲೂಲ್ ಶೇಕಡ 0.001ನ್ನು ಮೀರಿದರೆ ಅದರ ಹೆಸರನ್ನು ಚೀಟಿಯ ಮೇಲೆ ಬರೆಯಬೇಕೆಂಬ ನಿಯಮ ಯುರೋಪಿನಲ್ಲಿದೆ. ಅರ್ಧ ಖಾಲಿಯಾದ ಸೀಸೆಯನ್ನು ಸ್ನಾನದ ಮನೆಯ ಕಿಟಕಿಯಲ್ಲಿ ವರ್ಷಗಟ್ಟಲೆ ಇಟ್ಟು ಆಮೇಲೆ ಮೈಗೆ ಹಚ್ಚುವುದಕ್ಕಿಂತ ಹೊರಗೆ ಚೆಲ್ಲುವುದು ಲೇಸು. ಕಂದು ಬಣ್ಣದ ಚಿಕ್ಕ ಸೀಸೆ, ಬಿಗಿ ಮುಚ್ಚಳ, ತಂಪು ಕತ್ತಲೆ, ತೆರೆದ ದಿನಾಂಕ ಬರೆದ ಚೀಟಿ, ಇಷ್ಟು ಸಾಕು. 2007ರಲ್ಲಿ ಅಮೆರಿಕದ ವೈದ್ಯರು ಲ್ಯಾವೆಂಡರ್ ಮತ್ತು ಟೀ ಟ್ರೀ ತೈಲಗಳಿದ್ದ ಲೇಪಗಳನ್ನು ಬಳಸಿದ ಮೂವರು ಹುಡುಗರಲ್ಲಿ ಎದೆ ಉಬ್ಬಿದ್ದನ್ನು ವರದಿ ಮಾಡಿದಾಗ ಹಲವು ತಾಯಂದಿರು ಗಾಬರಿಗೊಂಡರು; ಹೆಚ್ಚು ಮಕ್ಕಳನ್ನು ಗಮನಿಸಿದ ಮುಂದಿನ ಅಧ್ಯಯನದಲ್ಲಿ ಆ ಸಂಬಂಧ ಕಾಣಲಿಲ್ಲ. ಹಾಗಿದ್ದರೂ ಎಳೆಯ ಮಕ್ಕಳ ಮೈಗೆ ದಿನವೂ ಹಚ್ಚುವಂಥ ಅಗತ್ಯ ಯಾವ ಸುಗಂಧ ತೈಲಕ್ಕೂ ಇಲ್ಲ. ಬೆಕ್ಕು ಸಾಕಿರುವ ಮನೆಯವರು ಇನ್ನೂ ಜಾಗರೂಕರಾಗಿರಬೇಕು, ಏಕೆಂದರೆ ಇಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಕಡಿಮೆ.

ನಿತ್ಯದ ಬಳಕೆಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಬಟ್ಟೆಯ ಪೆಟ್ಟಿಗೆಯದು. ಉಣ್ಣೆಯನ್ನು ತಿನ್ನುವ ನುಸಿಯ ಮರಿಗಳನ್ನು ದೂರವಿಡಲು ಯುರೋಪಿನ ಮನೆಗಳಲ್ಲಿ ಒಣ ತೆನೆಗಳನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ಕಂಬಳಿ, ಶಾಲುಗಳ ನಡುವೆ ಇಡುತ್ತ ಬಂದಿದ್ದಾರೆ. ಇಲ್ಲಿ ಬೀರುವಿಗೆ ಹಾಕುವ ಡಾಂಬರು ಗುಳಿಗೆಯ ನ್ಯಾಫ್ತಲೀನ್, ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳ ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಬಾಣಂತಿಯ ಕೋಣೆಯ ಬಟ್ಟೆಗಳಿಗೆ ಅದರ ಬದಲು ಲ್ಯಾವೆಂಡರ್ ಚೀಲವೋ ಬೇವಿನ ಒಣ ಎಲೆಯೋ ಲಾವಂಚದ ಬೇರೋ ಇರುವುದು ಮೇಲು. ಚೀಲ ಮಂಕಾದಾಗ ಅಂಗೈಯಲ್ಲಿ ಉಜ್ಜಿದರೆ ಉಳಿದ ಗ್ರಂಥಿಗಳು ಒಡೆದು ಪರಿಮಳ ಮರಳುತ್ತದೆ. ಭಟ್ಟಿಯಲ್ಲಿ ತೈಲದ ಕೆಳಗೆ ಉಳಿದ ಪರಿಮಳದ ನೀರನ್ನು ಪನ್ನೀರಿನಂತೆ ಮುಖಕ್ಕೆ, ದಿಂಬಿಗೆ ಚಿಮುಕಿಸಬಹುದು. ಅದರಲ್ಲಿ ತೈಲದ ಅಂಶ ಅತ್ಯಲ್ಪವಾದ್ದರಿಂದ ಸೌಮ್ಯ, ಆದರೆ ನೀರಾದ್ದರಿಂದ ಬೇಗ ಕೆಡುತ್ತದೆ. ಅಡುಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ: ಪ್ರೊವಾನ್ಸಿನ ಒಣಸೊಪ್ಪಿನ ಮಿಶ್ರಣದಲ್ಲಿ ಲ್ಯಾವೆಂಡರ್ ಇದ್ದೇ ಇರುತ್ತದೆಂದು ಹೊರಗಿನವರು ನಂಬುತ್ತಾರೆ, ಆದರೆ ಫ್ರಾನ್ಸಿನ ಗುಣಮಟ್ಟದ ಕೆಂಪು ಮುದ್ರೆ ಪಡೆದ ಮಿಶ್ರಣದಲ್ಲಿ ರೋಸ್ಮರಿ, ಸೇವರಿ, ಒರೆಗಾನೊ, ಥೈಮ್‌ಗಳೂ ಸ್ವಲ್ಪ ಕಾಮಕಸ್ತೂರಿಯೂ ಮಾತ್ರ ಇರುತ್ತವೆ. ಆ ಸೀಮೆಯವರು ಲ್ಯಾವೆಂಡರನ್ನು ತಿನ್ನುವುದು ಹೆಚ್ಚಾಗಿ ಜೇನಿನ ರೂಪದಲ್ಲಿ. ಬೇಗ ಹರಳುಗಟ್ಟಿ ಬೆಣ್ಣೆಯ ಬಣ್ಣಕ್ಕೆ ತಿರುಗುವ ಆ ಜೇನು ಅವರ ಹೆಮ್ಮೆ.

ಆ ಹೆಮ್ಮೆಯ ಸೀಮೆ ಈಗ ಕಷ್ಟದಲ್ಲಿದೆ. ಗಿಡದ ರಸನಾಳಗಳಲ್ಲಿ ನೆಲೆಸಿ ಅದನ್ನು ಒಣಗಿಸುವ ಸ್ಟೋಲ್‌ಬರ್ ಎಂಬ ಸೂಕ್ಷ್ಮಜೀವಿಯನ್ನು ಜಿಗಿಹುಳುವೊಂದು ಗಿಡದಿಂದ ಗಿಡಕ್ಕೆ ಹರಡುತ್ತಿದ್ದು, ಬರಗಾಲದ ಬೇಸಿಗೆಗಳು ಹೆಚ್ಚಿದಂತೆ ರೋಗವೂ ಹೆಚ್ಚಿ, ನಿಜ ಲ್ಯಾವೆಂಡರಿನ ತೈಲದ ಉತ್ಪಾದನೆಯಲ್ಲಿ ಬಲ್ಗೇರಿಯ ಫ್ರಾನ್ಸನ್ನು ಹಿಂದೆ ಹಾಕಿದೆ. ಭಾರತದಲ್ಲಿ ಈ ಬೆಳೆಗೆ ಒಗ್ಗಿದ ನೆಲ ಹಿಮಾಲಯದ ಮಡಿಲಿನದು. ಜಮ್ಮುವಿನಲ್ಲಿರುವ ಭಾರತೀಯ ಸಮಗ್ರ ಔಷಧ ಸಂಸ್ಥೆ ದಶಕಗಳ ಕಾಲ ಪ್ರಯೋಗದ ತೋಟಗಳಲ್ಲಿ ಸಾಕಿದ ಗಿಡಗಳನ್ನು ಸುಗಂಧ ಅಭಿಯಾನದ ಮೂಲಕ ದೋಡಾ ಜಿಲ್ಲೆಯ ಭದರ್ವಾಹದ ರೈತರಿಗೆ ಕೊಟ್ಟಾಗ, ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುತ್ತಿದ್ದ ಇಳಿಜಾರಿನ ತುಂಡು ಹೊಲಗಳಲ್ಲಿ ಅದು ಬೇರೂರಿತು. ಒಮ್ಮೆ ನೆಟ್ಟರೆ ಮೂರನೆಯ ವರ್ಷದಿಂದ ಚೆನ್ನಾಗಿ ಹೂ ಕೊಟ್ಟು ಸುಮಾರು ಹದಿನೈದು ವರ್ಷ ಬಾಳುವ, ದನಕರು ಬಾಯಿ ಹಾಕದ ಈ ಗಿಡ ಅಲ್ಲಿನ ಸಣ್ಣ ಹಿಡುವಳಿದಾರರಿಗೂ ಹೂ ಕೊಯ್ಯುವ ಮಹಿಳೆಯರಿಗೂ ನಿಲುಕುವ ಆದಾಯ ತಂದಿದೆ. 2022ರ ಮೇ ತಿಂಗಳಲ್ಲಿ ದೇಶದ ಮೊದಲ ಲ್ಯಾವೆಂಡರ್ ಉತ್ಸವ ನಡೆದದ್ದೂ ಭದರ್ವಾಹದಲ್ಲಿಯೇ. ಕರಾವಳಿ, ಮಲೆನಾಡುಗಳ ಆರ್ದ್ರತೆಯಲ್ಲಿ ಬೇರು ಕೊಳೆಯುವ ಈ ಗಿಡವನ್ನು ಇಲ್ಲಿ ವಾಣಿಜ್ಯ ಬೆಳೆಯಾಗಿ ಸೂಚಿಸುವುದು ರೈತರಿಗೆ ಮಾಡುವ ಉಪಕಾರವಲ್ಲ. ಕರ್ನಾಟಕದ ನೆಲಕ್ಕೆ ದವನ, ಪಚೋಲಿ, ಲಾವಂಚಗಳಿವೆ.

ಕೊಳ್ಳುವವರ ಪಾಲಿಗೆ ಉಳಿಯುವ ಕೆಲಸ ಸೀಸೆಯ ಚೀಟಿಯನ್ನು ಓದುವುದು. ಲ್ಯಾವೆಂಡುಲ ಅಂಗುಸ್ಟಿಫೋಲಿಯ ಎಂಬ ಸಸ್ಯನಾಮ, ಬೆಳೆದ ಸ್ಥಳ, ಭಟ್ಟಿ ಇಳಿಸಿದ ವರ್ಷ, ಬ್ಯಾಚ್ ಸಂಖ್ಯೆ ಇವು ಇರಬೇಕು. ಸುಗಂಧ, ಪರಿಮಳ ಎಂದಷ್ಟೇ ಬರೆದದ್ದು ಔಷಧಕ್ಕಲ್ಲ. ಜವಾಬ್ದಾರಿಯುಳ್ಳ ಮಾರಾಟಗಾರರು ಕೇಳಿದರೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ವರದಿಯನ್ನು, ಅಂದರೆ ತೈಲವನ್ನು ಆವಿಯಾಗಿಸಿ ಅದರ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದ ಪಟ್ಟಿಯನ್ನು, ಕೊಡುತ್ತಾರೆ. ಅದರಲ್ಲಿ ಕರ್ಪೂರದ ಸಾಲನ್ನು ಮೊದಲು ನೋಡಬೇಕು. ನಿದ್ರೆ ಬಾರದಿರುವುದು ವಾರಗಟ್ಟಲೆ ಮುಂದುವರಿದರೆ, ಕಳವಳ ಊಟ ಕೆಲಸಗಳನ್ನು ಕೆಡಿಸುವಷ್ಟಾದರೆ, ವೈದ್ಯರನ್ನು ಕಾಣುವುದಕ್ಕೆ ಮುನ್ನ ತೈಲದ ಪ್ರಯೋಗಗಳಲ್ಲಿ ಕಾಲ ಕಳೆಯಬಾರದು. ನಿದ್ರೆಯ ಗುಳಿಗೆ ಅಥವಾ ಖಿನ್ನತೆಯ ಔಷಧವನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರೂ ಬಸುರಿಯರೂ ಲ್ಯಾವೆಂಡರ್ ಗುಳಿಗೆಯ ವಿಷಯವನ್ನು ಅದೇ ವೈದ್ಯರ ಮುಂದೆ ಇಟ್ಟು, ಅವರ ಒಪ್ಪಿಗೆ ಪಡೆದೇ ಆರಂಭಿಸಬೇಕು.